ಮೂರನೆಯ ತೊಗಲು

ಮ್ಯೂನಿಕ್‌ನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಎರಡು ಕ್ಯಾನ್ವಾಸ್ ಚೀಲಗಳಿವೆ. ಒಂದರಲ್ಲಿ ಮರದ ಗಳುಗಳು, ಇನ್ನೊಂದರಲ್ಲಿ ಸುತ್ತಿಟ್ಟ ರಬ್ಬರು ಮತ್ತು ಬಟ್ಟೆ. ಎರಡನ್ನೂ ಬಿಚ್ಚಿ ಜೋಡಿಸಿದರೆ ಐದು ಮೀಟರಿಗಿಂತ ಸ್ವಲ್ಪ ಉದ್ದದ, ಇಬ್ಬರು ಕೂತು ಹುಟ್ಟು ಹಾಕುವ ಕಯಾಕ್ ಆಗುತ್ತದೆ. ಕ್ಲೆಪರ್ ಕಂಪನಿಯ ಏರಿಯುಸ್ ಮಾದರಿಯ ಮಡಚುವ ದೋಣಿ ಇದು. ಮರದ ಹಂದರ 1960ರ ದಶಕದ್ದು; ಅದರ ಮೇಲಿನ ತೊಗಲು 1980ರ ದಶಕದ್ದು. ನೆರೆಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ನಮಗೆ ಒಪ್ಪಿಸಿ ಹೋದರು. ಅವರ ಕಾಲದಲ್ಲೇ ಒಂದು ತೊಗಲು ಹಳತಾಗಿ ಇನ್ನೊಂದು ಬಂದಿತ್ತು. ಈಗ ಆ ಎರಡನೆಯದೂ ಸೋರತೊಡಗಿದೆ.

ದುರಸ್ತಿ ಮಾಡಿಸುವುದೋ, ಹೊಸ ದೋಣಿಯನ್ನೇ ತರುವುದೋ? ನಮ್ಮ ಹೊಸ್ತಿಲು ದಾಟಿದರೆ ಯಾರಿಗೂ ಬೇಡದ ಪ್ರಶ್ನೆ. ಆದರೆ ಬಿಡದೆ ಹಿಡಿದು ಯೋಚಿಸಿದಾಗ ಅದರೊಳಗೆ ಇನ್ನೊಂದು ಪ್ರಶ್ನೆ ಕೂತಿರುವುದು ಕಂಡಿತು. ವಸ್ತುವಿನ ಬಾಳಿಕೆ ಒಂದು ಕಡೆ, ಅದರ ನೆನಪು ಇನ್ನೊಂದು ಕಡೆ ಇದ್ದರೆ ನಾವು ಉಳಿಸಬೇಕಾದದ್ದು ಯಾವುದನ್ನು?

ಇಂಥ ದೋಣಿ ಹುಟ್ಟಿದ್ದು ಈ ಊರಿನ ಆಸುಪಾಸಿನಲ್ಲೇ. 1905ರಲ್ಲಿ ಇಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಆಲ್ಫ್ರೆಡ್ ಹಾಯ್ರಿಷ್ ಬಿದಿರಿನ ಹಂದರದ ಮೇಲೆ ಹಾಯಿಬಟ್ಟೆ ಬಿಗಿದು ಒಂದು ದೋಣಿ ಮಾಡಿಕೊಂಡ. ಬಾಡ್ ಟ್ಯೋಲ್ಜ್‌ನಿಂದ ಈಸಾರ್ ನದಿಯಲ್ಲಿ ಮ್ಯೂನಿಕ್‌ವರೆಗೆ ಇಳಿದು ಬಂದ. 1907ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೊಂಡವನು ರೋಜನ್‌ಹೈಮ್‌ನ ಯೋಹಾನ್ ಕ್ಲೆಪರ್. ಕ್ಲೆಪರ್ ದರ್ಜಿ. ಈ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದೇ. ದೋಣಿ ಕಟ್ಟುವವರು ಸಾಮಾನ್ಯವಾಗಿ ಬಡಗಿಗಳು. ಹಲಗೆ ಕೊಯ್ದು, ಬಾಗಿಸಿ, ಸಂದು ಮುಚ್ಚುವವರು. ಇಲ್ಲಿ ಅರ್ಧ ಕೆಲಸ ಬಡಗಿಯದು, ಅರ್ಧ ಹೊಲಿಗೆಯವನದು. ಅಂಗಿ ಮೈಗಿಂತ ಮೊದಲು ಹರಿಯುತ್ತದೆ ಎಂಬುದು ದರ್ಜಿಗೆ ಗೊತ್ತಿರುತ್ತದೆ. ಅವನು ಅದನ್ನು ದುಃಖದ ಸಂಗತಿ ಎಂದು ಎಣಿಸುವುದಿಲ್ಲ.

ಎರಡು ಮಹಾಯುದ್ಧಗಳ ನಡುವೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಈ ದೋಣಿಯ ಹುಚ್ಚು ಹಬ್ಬಿತು. ವಾರದ ಕೊನೆಗೆ ಚೀಲ ಹೊತ್ತು ರೈಲು ಹತ್ತುವುದು, ಬೆಟ್ಟದ ಬುಡದಲ್ಲಿ ಇಳಿದು ದೋಣಿ ಕಟ್ಟುವುದು, ಹೊಳೆಯ ಜೊತೆ ಇಳಿದು ಬಂದು ಮತ್ತೆ ಮಡಚಿ ಮನೆಗೆ ಮರಳುವುದು. ಕಾರಿಲ್ಲದವರ, ದೋಣಿಮನೆಯಿಲ್ಲದವರ, ಇಕ್ಕಟ್ಟಿನ ಮನೆಗಳಲ್ಲಿ ಬಾಡಿಗೆಗಿದ್ದವರ ದೋಣಿ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮಡಚುವ ಕಯಾಕ್‌ಗಳಿಗೆಂದೇ 10,000 ಮೀಟರ್ ಸ್ಪರ್ಧೆಗಳನ್ನು ಇಟ್ಟಿದ್ದರು. ಅದು ಅದೊಂದೇ ಬಾರಿ. 1950ರ ದಶಕದ ಆರಂಭದಲ್ಲಿ ಕ್ಲೆಪರ್ ಕಂಪನಿ ಏರಿಯುಸ್ ಮಾದರಿಯನ್ನು ತಂದಿತು. ಇದರ ಎರಡು ಅಂಚುಗಳೊಳಗೆ ಉದ್ದಕ್ಕೂ ಗಾಳಿಕೊಳವೆಗಳಿರುತ್ತವೆ. ಊದಿದರೆ ಸಡಿಲವಾಗಿದ್ದ ತೊಗಲು ಹಂದರಕ್ಕೆ ಬಿಗಿದು ಕೂರುತ್ತದೆ. ದೋಣಿ ಮಗುಚಿದರೂ ಮುಳುಗುವುದಿಲ್ಲ. ಆ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ನನ್ನ ಹೊಯ್ದಾಟಕ್ಕೆ ಇದೂ ಒಂದು ಕಾರಣ. ರೂಪ ಬದಲಾಗಿದ್ದರೆ ಬಿಡಿಭಾಗ ಸಿಗುತ್ತಿರಲಿಲ್ಲ, ತೀರ್ಮಾನ ತಾನಾಗಿಯೇ ಆಗಿಬಿಡುತ್ತಿತ್ತು. ಅಮೆರಿಕದ ಫೋಲ್ಬಾಟ್, ಕೆನಡಾದ ಫೆದರ್‌ಕ್ರಾಫ್ಟ್ ಕಂಪನಿಗಳು ಮುಚ್ಚಿದ ಮೇಲೆ ಆ ದೋಣಿಗಳವರ ಪಾಡು ಅದೇ ಆಯಿತು: ಮುರಿದದ್ದನ್ನು ತಾವೇ ಮಾಡಿಕೊಳ್ಳಬೇಕು, ಇಲ್ಲವೇ ಇನ್ನೊಂದು ಹಳೆಯ ದೋಣಿಯಿಂದ ಕಿತ್ತು ತರಬೇಕು.

ದೋಣಿ ಕಟ್ಟುವ ಕ್ರಮವನ್ನು ಸ್ವಲ್ಪ ಹೇಳದೆ ಮುಂದಿನ ಮಾತು ತಿಳಿಯದು. ಮೊದಲು ಹುಲ್ಲಿನ ಮೇಲೆ ತೊಗಲನ್ನು ಬಿಡಿಸಿ ಹಾಸಬೇಕು. ಆ್ಯಶ್ ಮರದ ನೀಳ ಪಟ್ಟಿಗಳು, ಬರ್ಚ್ ಪ್ಲೈವುಡ್‌ನ ಅಡ್ಡ ಪಕ್ಕೆಗಳು, ಅಲ್ಯುಮಿನಿಯಂ ಕೊಂಡಿಗಳು. ಇವನ್ನೆಲ್ಲ ಸೇರಿಸಿ ಹಂದರದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಬೇರೆಬೇರೆಯಾಗಿ ಕಟ್ಟಿ, ತೊಗಲಿನ ಮೂತಿಗೊಂದು ಬಾಲಕ್ಕೊಂದು ಎಂದು ಒಳಗೆ ತೂರಿಸಬೇಕು. ಎರಡು ಅರ್ಧಗಳು ನಡುವೆ ಸಂಧಿಸುವಲ್ಲಿ ಹಂದರ ಗುಡಾರದ ಹಾಗೆ ಎದ್ದು ನಿಂತಿರುತ್ತದೆ. ಅಲ್ಲಿ ಎರಡೂ ಅಂಗೈ ಊರಿ ಮೈಭಾರ ಬಿಟ್ಟು ಒತ್ತಿದರೆ ಕಟ್ ಎಂದು ಕೂರುತ್ತದೆ. ಆಮೇಲೆ ನಡುವಿನ ಪಕ್ಕೆಗಳು. ಅವುಗಳ ಮೇಲೆ ಅಂಕಿಗಳಿರುವುದರಿಂದ ತಪ್ಪುವುದಿಲ್ಲ. ಕೊನೆಗೆ ಬಾಯಿಂದ ಗಾಳಿ ಊದುವುದು. ಕ್ರಮ ತಪ್ಪಿದರೆ ದೋಣಿ ಒಪ್ಪುವುದಿಲ್ಲ. ಕ್ರಮ ಸರಿಯಾಗಿದ್ದರೆ ಹೆಚ್ಚು ಬಲವೂ ಬೇಕಾಗುವುದಿಲ್ಲ. ಆ ಹಿರಿಯರು ಇದನ್ನು ನನಗೆ ಕಲಿಸಿದ್ದು ಮಾತಿನಿಂದಲ್ಲ. ನಾನು ತಪ್ಪು ಪಕ್ಕೆ ಎತ್ತಿಕೊಂಡಾಗಲೆಲ್ಲ ಸುಮ್ಮನೆ ಕೈಚಾಚಿ ಸರಿಯಾದದ್ದನ್ನು ಮುಂದಿಡುತ್ತಿದ್ದರು.

ಈ ವಸಂತದಲ್ಲಿ ದೋಣಿಯನ್ನು ಬಿಚ್ಚಿ ಹಗಲಿನ ಬೆಳಕಿನಲ್ಲಿ ಒಂದೊಂದನ್ನೇ ನೋಡಿದೆ. ತಳದ ರಬ್ಬರನ್ನು ಎರಡು ಬೆರಳಲ್ಲಿ ಚಿವುಟಿ ಮಡಿಸಿದರೆ ಮಡಿಕೆಯ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಬೆರಳು ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ಹಂದರದ ಬೆನ್ನಿನ ಪಟ್ಟಿಗಳು ಹಾಯುವ ಜಾಗದಲ್ಲಿ, ಮರಳಿನ ಮೇಲೆ ಎಳೆದೆಳೆದು ಸವೆದ ಕಡೆ, ಒಳಗಿನ ನೇಯ್ಗೆ ಕಾಣುತ್ತದೆ. ಮೇಲ್ಭಾಗದ ಹತ್ತಿಬಟ್ಟೆ ಒಂದು ಕಾಲದಲ್ಲಿ ನೀಲಿ. ಈಗ ಬೂದಿಗೆ ತಿರುಗಿದೆ, ಹೊಲಿಗೆಯ ಸಾಲಿನಲ್ಲಿ ಬೂಷ್ಟು ಹಿಡಿದ ಕಪ್ಪು ಚುಕ್ಕೆಗಳು. ರಬ್ಬರೂ ಬಟ್ಟೆಯೂ ಕೂಡುವ ಹೊಲಿಗೆ ಎರಡು ಕಡೆ ಬಿಟ್ಟಿದೆ. ಹಂದರದ ಕಥೆ ಬೇರೆ. ವಾರ್ನಿಷ್ ಎದ್ದು ಹೋದಲ್ಲಿ ಆ್ಯಶ್ ಮರ ಕಪ್ಪಾಗಿದೆ, ಒಂದು ಪಕ್ಕೆಯ ಕೆಳತುದಿಯಲ್ಲಿ ಪ್ಲೈವುಡ್‌ನ ಪದರಗಳು ಬಿಚ್ಚಿಕೊಂಡಿವೆ. ಆದರೆ ಉಗುರು ಒತ್ತಿದರೆ ಮರ ಮೆತ್ತಗಿಲ್ಲ. ಉದ್ದ ಪಟ್ಟಿಯನ್ನು ಬಾಗಿಸಿ ಬಿಟ್ಟರೆ ಚಿಮ್ಮಿ ನೇರವಾಗುತ್ತದೆ. ಅರವತ್ತು ವರ್ಷದ ಮರಕ್ಕೆ ಇನ್ನೂ ಕಸುವಿದೆ.

ಹೊಸ ದೋಣಿಯ ಪರವಾಗಿ ಹೇಳಬೇಕಾದದ್ದು ಬೇಕಾದಷ್ಟಿದೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಇದು ಮೂವತ್ತು ಕಿಲೋ ಮೀರಿದ ಭಾರ. ಈಗ ಬೆನ್ನಚೀಲದಲ್ಲಿ ಹಿಡಿಸುವ, ಮೂರು ನಾಲ್ಕು ಕಿಲೋ ತೂಗುವ ಗಾಳಿದೋಣಿಗಳಿವೆ. ಕಾಗದದ ದೋಣಿಯ ಹಾಗೆ ಮಡಿಕೆಗಳಲ್ಲೇ ಕೂಡಿಬರುವ ಪ್ಲಾಸ್ಟಿಕ್ ಹಾಳೆಯ ಕಯಾಕ್‌ಗಳಿವೆ. ಎರಡೂ ಒಳ್ಳೆಯ ದೋಣಿಗಳು. ನೀರಿನ ಮೇಲೆ ಅವುಗಳಲ್ಲಿ ಕೂತವರ ಸಂತೋಷ ನನ್ನದಕ್ಕಿಂತ ಒಂದು ತೊಲವೂ ಕಡಿಮೆಯದಲ್ಲ. ನನ್ನ ದೋಣಿಗೆ ಹೊಸ ತೊಗಲು ಹೊಲಿಸುವುದಾದರೆ ಹೊಸ ದೋಣಿಯ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಲೆಕ್ಕ ಬಲ್ಲ ಗೆಳೆಯರು ಇದನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅವರ ಲೆಕ್ಕ ಸರಿಯಾಗಿದೆ. ನನಗೆ ಬಗೆಹರಿಯದೆ ಉಳಿದದ್ದು ಲೆಕ್ಕದಲ್ಲಿ ಇರಲಿಲ್ಲ.

ದೋಣಿ ಒಪ್ಪಿಸುವಾಗ ಆ ಹಿರಿಯರು ತಳವನ್ನು ಮಗುಚಿ ಹಾಕಿ ತೇಪೆಗಳನ್ನು ಬೆರಳಿಟ್ಟು ತೋರಿಸಿದ್ದರು. ಇದು ಈಸಾರ್‌ನ ಕಲ್ಲು. ಇದು ಡ್ಯಾನ್ಯೂಬ್ ದಡದ ಹಳೆಯ ಕಬ್ಬಿಣದ ಸರಳು. ಇದು ಮಗಳು ಚಿಕ್ಕವಳಿದ್ದಾಗ ತಾನೇ ಎಳೆಯುತ್ತೇನೆಂದು ಹಟ ಹಿಡಿದು ಕಲ್ಲಿನ ಮೇಲೆ ಎಳೆದದ್ದು. ಅಲ್ಲಿಗೆ ವಿಷಯ ಇಷ್ಟಾಯಿತು: ಬಾಳುವ ಹಂದರದ ಮೇಲೆ ಅಂಕಿಗಳ ಹೊರತು ಏನೂ ಬರೆದಿಲ್ಲ. ಯಾವ ಪಕ್ಕೆಯನ್ನು ತೆಗೆದು ಅದೇ ಮಾದರಿಯ ಇನ್ನೊಂದನ್ನು ಇಟ್ಟರೂ ಗುರುತು ಸಿಗದು. ಬಾಳದ ತೊಗಲಿನ ಮೇಲೆ ಒಂದು ಸಂಸಾರದ ನಾಲ್ಕು ದಶಕಗಳ ಪ್ರಯಾಣ ಇದೆ. ನಾನು ಉಳಿಸಬಲ್ಲದ್ದು ಮೂಕ, ಮಾತಾಡುವುದನ್ನು ಉಳಿಸಲಾರೆ.

ನಮ್ಮ ಕಡೆ ಇಂಥ ಹೊತ್ತಿಗೆ ಗೀತೆ ನೆನಪಾಗುತ್ತದೆ. ಹಳೆಯ ಬಟ್ಟೆ ಬಿಟ್ಟು ಹೊಸದು ಉಡುವಂತೆ ಆತ್ಮ ದೇಹದಿಂದ ದೇಹಕ್ಕೆ ಹೋಗುತ್ತದೆ ಎಂಬ ಮಾತನ್ನು ಸಾವಿನ ಮನೆಯಲ್ಲಿ ಕೇಳದ ಕನ್ನಡಿಗನಿಲ್ಲ. ಹಂದರವೇ ಆತ್ಮ, ತೊಗಲು ಬಟ್ಟೆ ಎಂದುಕೊಂಡರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ದೋಣಿ ಆ ಮಾತಿಗೆ ಒಗ್ಗುವುದಿಲ್ಲ. ತೊಗಲಿಲ್ಲದ ಹಂದರವನ್ನು ನೀರಿಗಿಟ್ಟರೆ ನೀರು ಅದರೊಳಗೆ ಹಾಯ್ದು ಹೋಗುತ್ತದೆ. ಹಂದರವಿಲ್ಲದ ತೊಗಲು ನೀರು ತುಂಬಿ ಕುಸಿಯುತ್ತದೆ. ಎರಡರಲ್ಲಿ ಯಾವುದನ್ನೂ ಇದೇ ದೋಣಿ ಎಂದು ಬೆರಳಿಟ್ಟು ಹೇಳಲಾಗದು. ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ರಥವನ್ನು ಮುಂದಿಟ್ಟು ಕೇಳಿದ್ದು ಇದನ್ನೇ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ರಾಜ ಒಂದೊಂದಕ್ಕೂ ಅಲ್ಲ ಎನ್ನುತ್ತ ಹೋದ. ಆ ರಾಜನ ರಥವಾದರೋ ಲಾಯದ ಪಕ್ಕದಲ್ಲಿ ಇಡಿಯಾಗಿ ನಿಂತಿರುತ್ತಿತ್ತು. ನನ್ನ ದೋಣಿ ವರ್ಷದ ಬಹುಪಾಲು ದೋಣಿಯೇ ಅಲ್ಲ, ಎರಡು ಚೀಲ. ಯಾರಾದರೂ ಬಂದು ಕಟ್ಟಿದಾಗ ಮಾತ್ರ ಕೆಲವು ಗಂಟೆ ದೋಣಿಯಾಗಿರುತ್ತದೆ. ಹಾಗಾದರೆ ಅದು ಚೀಲದಲ್ಲಿದ್ದಾಗಲೂ ಅದೇ ದೋಣಿ ಎಂದು ನಾವು ಯಾವ ಧೈರ್ಯದಿಂದ ಹೇಳುತ್ತೇವೆ?

ಪ್ರತಿ ಹಲಗೆಯೂ ಬದಲಾದ ಥೀಸಿಯಸ್‌ನ ಹಡಗು ಅದೇ ಹಡಗೇ ಎಂಬ ಗ್ರೀಕರ ಪ್ರಶ್ನೆಯನ್ನೂ ತಿರುವಿ ನೋಡಿದೆ. ಅಲ್ಲಿ ಎಲ್ಲ ಹಲಗೆಗಳೂ ಸಮಾನ, ಒಂದೊಂದಾಗಿ ನಿಧಾನಕ್ಕೆ ಬದಲಾಗುತ್ತವೆ. ಇಲ್ಲಿ ಭಾಗಗಳು ಎರಡು ಜಾತಿಯವು, ಅವುಗಳ ಆಯುಷ್ಯವೂ ಬೇರೆ. ಆ ಪ್ರಶ್ನೆ ನನಗೆ ಒದಗಿಬರಲಿಲ್ಲ.

ಒದಗಿಬಂದದ್ದು ಕಯಾಕ್ ಹುಟ್ಟಿದ ನಾಡು. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ, ಅಲ್ಯೂಷಿಯನ್ ದ್ವೀಪಗಳ ಉನಂಗನ್ ಜನ ಮರ ಬೆಳೆಯದ ಕಡಲತೀರಗಳಲ್ಲಿ ಇದ್ದವರು. ಅಲೆ ತಂದು ಹಾಕಿದ ಮರವೇ ಅವರಿಗೆ ಮರ. ಆ ದುರ್ಲಭ ಮರದಿಂದ ಹಂದರ ಕಟ್ಟಿ, ಬೇಟೆಗಾರನ ತೋಳು, ಸೊಂಟ, ಕಾಲುಗಳ ಅಳತೆಗೆ ಹೊಂದಿಸಿ, ಮೇಲೆ ಸೀಲ್ ಅಥವಾ ಕಡಲಸಿಂಹದ ಚರ್ಮ ಹೊದಿಸುತ್ತಿದ್ದರು. ಚರ್ಮ ಹೊಲಿಯುವವರು ಹೆಂಗಸರು. ನೀರು ಒಸರದ ಆ ಹೊಲಿಗೆಯ ಮೇಲೆ ಗಂಡಸಿನ ಪ್ರಾಣ ನಿಂತಿತ್ತು. ಚರ್ಮ ಕೆಲವೇ ವರ್ಷ ಬರುತ್ತಿತ್ತು, ಆಮೇಲೆ ಹೊಸದು. ಅವರಿಗೆ ಹಳೆಯದನ್ನು ಉಳಿಸುವುದೋ ಹೊಸದು ಮಾಡುವುದೋ ಎಂಬ ಎರಡು ದಾರಿಗಳೇ ಇರಲಿಲ್ಲ. ಹೊಸ ಚರ್ಮ ಹೊದಿಸುವುದೇ ಹಳೆಯ ದೋಣಿಯನ್ನು ಉಳಿಸುವ ದಾರಿ. ಎರಡನ್ನೂ ಎದುರುಬದುರು ನಿಲ್ಲಿಸಿದ್ದು ನನ್ನ ಪ್ರಶ್ನೆ.

ಹಂಪಿಯಲ್ಲಿ ತುಂಗಭದ್ರೆಯ ಹರಿಗೋಲು ನೋಡಿದವರಿಗೆ ಇದು ಹೊಸ ಮಾತಲ್ಲ. ಬಿದಿರಿನ ದಬ್ಬೆಗಳ ಹೆಣಿಗೆ, ಮೇಲೆ ಹೊದಿಕೆ, ಕುಲ ಒಂದೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಆನೆಗೊಂದಿಯ ಕಡೆ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಇಂದು ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಹಾಳೆ ಹರಿದರೆ ಅಂಬಿಗ ಇನ್ನೊಂದು ಹಾಕುತ್ತಾನೆ. ಹೆಣಿಗೆ ಹಳತಾದರೆ ಇನ್ನೊಂದು ಹೆಣೆಯುತ್ತಾನೆ. ಅವನು ಹೊಯ್ದಾಡುವುದಿಲ್ಲ, ಏಕೆಂದರೆ ಮಾಡುವ ವಿದ್ಯೆ ಅವನ ಕೈಯಲ್ಲಿದೆ. ನನಗೆ ಈ ಒಂದು ದೋಣಿಯ ಮೇಲೆ ಇಷ್ಟು ವ್ಯಾಮೋಹ ಬರಲು ನಾನು ಇಂಥದ್ದನ್ನು ಮಾಡಲಾರೆ ಎಂಬುದೂ ಕಾರಣ. ಹೋದರೆ ಮತ್ತೆ ಬರುವುದಿಲ್ಲ ಎಂಬ ಭಯ ಕೊಂಡುಕೊಳ್ಳುವವನ ಭಯ. ಬಲ್ಲವನಿಗೆ ಅದು ಕಡಿಮೆ.

ಒಂದು ಕಡೆ ಮಾತ್ರ ತೊಗಲನ್ನು ಮುಟ್ಟಕೂಡದು ಎಂದು ನಾನೂ ಒಪ್ಪುತ್ತೇನೆ. ಇದೇ ಊರಿನ ಡಾಯ್ಚಸ್ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಏರಿಯುಸ್ ಇದೆ. ಹಾನೆಸ್ ಲಿಂಡೆಮನ್ ಎಂಬ ವೈದ್ಯ 1956ರ ಅಕ್ಟೋಬರ್‌ನಲ್ಲಿ ಕ್ಯಾನರಿ ದ್ವೀಪಗಳಿಂದ ಒಬ್ಬನೇ ಅದರಲ್ಲಿ ಹೊರಟು, 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಸೇರಿದ. ಕಾಲು ಚಾಚಿ ಮಲಗಲೂ ಜಾಗವಿಲ್ಲದ ದೋಣಿ ಅದು. ಮಗುಚಿ ಬಿದ್ದಾಗ ಇಡೀ ರಾತ್ರಿ ತಳಕ್ಕೆ ಜೋತುಬಿದ್ದು, ಬೆಳಗಾದ ಮೇಲೆ ಅದನ್ನು ಮತ್ತೆ ನೆಟ್ಟಗೆ ಮಾಡಿಕೊಂಡ. ಆ ದೋಣಿಗೆ ಹೊಸ ತೊಗಲು ಹಾಕಿದರೆ ಅದು ಸುಳ್ಳಾಗುತ್ತದೆ. ಕಡಲು ತಾಗಿದ್ದು ಆ ತೊಗಲಿಗೆ. ಅದು ಸಾಕ್ಷಿ, ಸಾಕ್ಷಿಯನ್ನು ತಿದ್ದಬಾರದು. ಆದರೆ ಸಾಕ್ಷಿಯಾದ ದೋಣಿ ಇನ್ನು ನೀರಿಗೆ ಇಳಿಯುವುದಿಲ್ಲ. ದೋಣಿಗೆ ಎರಡು ಕೆಲಸಗಳಲ್ಲಿ ಒಂದನ್ನು ಕೊಡಬಹುದು, ಎರಡನ್ನೂ ಕೊಡಲಾಗದು.

ಇದಕ್ಕೆ ಪೂರ್ತಿ ಎದುರಾದದ್ದು ಆಸ್ಕರ್ ಸ್ಪೆಕ್‌ನ ಬದುಕು. ಕೆಲಸ ಕಳೆದುಕೊಂಡಿದ್ದ ಈ ಹ್ಯಾಂಬರ್ಗ್‌ನ ಎಲೆಕ್ಟ್ರಿಷಿಯನ್ 1932ರಲ್ಲಿ ಉಲ್ಮ್‌ನಲ್ಲಿ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿದ. ಸೈಪ್ರಸ್‌ನ ತಾಮ್ರದ ಗಣಿಗಳಲ್ಲಿ ಕೆಲಸ ಹುಡುಕುವುದು ಅವನ ಮೊದಲ ಯೋಚನೆ. ಹೋದವನು ನಿಲ್ಲಲಿಲ್ಲ. ಯೂಫ್ರೆಟಿಸ್ ಇಳಿದು, ಪರ್ಷಿಯದ ಕೊಲ್ಲಿ ದಾಟಿ, ಭಾರತದ ಪಶ್ಚಿಮ ಕರಾವಳಿ ಹಿಡಿದು ಸಿಂಹಳಕ್ಕೆ ಹೋದ. ನಮ್ಮ ಕಾರವಾರ, ಮಂಗಳೂರುಗಳ ಮುಂದಿನ ಕಡಲೂ ಅವನ ದಾರಿಯೇ. ಬರ್ಮಾ, ಮಲಯ, ಇಂಡೊನೇಷ್ಯ, ನ್ಯೂಗಿನಿ ಮುಗಿಸಿ 1939ರಲ್ಲಿ ಆಸ್ಟ್ರೇಲಿಯದ ಉತ್ತರ ತುದಿಯ ದ್ವೀಪವೊಂದಕ್ಕೆ ಬಂದು ಮುಟ್ಟಿದಾಗ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಅವನನ್ನು ಬಂಧನ ಶಿಬಿರಕ್ಕೆ ಕಳಿಸಿದರು. ಏಳು ವರ್ಷದ ಆ ಪಯಣವನ್ನು ಒಂದೇ ದೋಣಿ ತಾಳಲಿಲ್ಲ. ಹಳೆಯದು ಸವೆದಾಗ ಜರ್ಮನಿಯಿಂದ ಇನ್ನೊಂದನ್ನು ತರಿಸಿಕೊಂಡ. ಹಂದರ, ತೊಗಲು ಎರಡೂ ಹೊಸವು; ಪಯಣ ಅದೇ. ಯಾವ ದೋಣಿಯಲ್ಲಿ ಯಾವ ಕೊಲ್ಲಿ ದಾಟಿದೆ ಎಂದು ಅವನು ಕೊರಗಿದ್ದಕ್ಕಿಂತ ನಾಳೆಯ ಗಾಳಿ ಯಾವ ಕಡೆಯದು ಎಂದು ಯೋಚಿಸಿದ್ದೇ ಹೆಚ್ಚಿರಬೇಕು. ಅಷ್ಟು ದೊಡ್ಡ ದಾರಿ ಹಿಡಿದವನಿಗೆ ಒಂದು ದೋಣಿಯ ಮೇಲೆ ಮಮಕಾರ ಇಟ್ಟುಕೊಳ್ಳಲು ಪುರುಸೊತ್ತು ಎಲ್ಲಿಯದು?

ನನ್ನದು ಅಂಥ ದಾರಿಯಲ್ಲ. ಆಲ್ಟ್‌ಮ್ಯೂಲ್ ನದಿ ಬವೇರಿಯದಲ್ಲೇ ನಿಧಾನಕ್ಕೆ ಹರಿಯುವ ನದಿ; ಸೊಲ್ನ್‌ಹೋಫನ್‌ನ ಸುಣ್ಣಕಲ್ಲಿನ ಬಂಡೆಗಳ ಕೆಳಗೆ ಹುಟ್ಟು ಹಾಕದೆ ಕೂತರೂ ಅದು ನಮ್ಮನ್ನು ಹೊತ್ತೊಯ್ಯುತ್ತದೆ. ಅಲ್ಲಿ ಕೂತಾಗ ನನಗೆ ಹೊಳೆದದ್ದು ಇದು. ಮೊದಲ ತೊಗಲಿನ ಕಾಲದ ಪ್ರಯಾಣಗಳ ಕಥೆಯನ್ನೂ ಆ ಹಿರಿಯರು ನಮಗೆ ಅಷ್ಟೇ ವಿವರವಾಗಿ ಹೇಳಿದ್ದರು. ಯಾವ ಊರಲ್ಲಿ ಮಳೆ ಬಂತು, ಯಾವ ದಡದಲ್ಲಿ ಗುಡಾರ ಹಾಕಿದರು, ಹೆಂಡತಿ ಮುಂದಿನ ಆಸನದಿಂದ ಹಿಂತಿರುಗಿ ಏನು ಹೇಳಿದರು. ಆ ತೊಗಲಿನ ಒಂದು ಚೂರೂ ಅವರ ಬಳಿ ಇರಲಿಲ್ಲ. ಅವರಿಗೆ ತೇಪೆಗಳು ಬೇಕಾಗಿಯೇ ಇರಲಿಲ್ಲ. ನನಗೆ ತೋರಿಸಲು ಬೇಕಾಗಿದ್ದವು. ನೆನಪು ರಬ್ಬರಿನಲ್ಲಿ ಇದ್ದದ್ದೇ ಆದರೆ ಮೊದಲ ತೊಗಲಿನ ಜೊತೆಗೇ ಅರ್ಧ ಹೋಗಿರಬೇಕಿತ್ತು.

ಹಾಗೆಂದು ತೇಪೆಗಳನ್ನು ಹಗುರವಾಗಿ ತಳ್ಳಿಬಿಡಲೂ ಮನಸ್ಸಿಲ್ಲ. ಅವರು ಕಂಡದ್ದನ್ನು ನಾನು ಕಂಡಿಲ್ಲ. ಅವರ ಮಟ್ಟಿಗೆ ತೊಗಲು ಹೋದರೂ ಕಥೆ ಉಳಿಯಿತು. ನನ್ನ ಮಟ್ಟಿಗೆ ಈ ತೊಗಲು ಹೋದರೆ ಬೆರಳಿಟ್ಟು ತೋರಿಸಲು ಜಾಗವಿಲ್ಲ. ಹೊಸ ತೊಗಲು ಹೊದಿಸಿದವನ ಮೇಲೆ ಹಳೆಯದರ ಕಥೆ ಹೇಳುವ ಹೊಣೆ ಬೀಳುತ್ತದೆ. ದುರಸ್ತಿಯ ಖರ್ಚಿನಲ್ಲಿ ಇದನ್ನೂ ಸೇರಿಸಬೇಕು. ಈ ಹೊಣೆ ಬೇಡವಾದವರು ದೋಣಿಯನ್ನು ಹಾಗೇ ಚೀಲದಲ್ಲಿ ಬಿಡುತ್ತಾರೆ. ಮಾರುವುದಿಲ್ಲ, ಸರಿಪಡಿಸುವುದೂ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಯುರೋಪಿನ ಎಷ್ಟು ನೆಲಮಾಳಿಗೆಗಳಲ್ಲಿ ಇಂಥ ಚೀಲಗಳು ಕೂತಿವೆಯೋ. ಗೌರವದಂತೆ ಕಾಣುವ ಈ ದಾರಿ ನನಗೆ ಮೂರರಲ್ಲಿ ಅತ್ಯಂತ ಕೆಟ್ಟದ್ದಾಗಿ ಕಾಣುತ್ತದೆ. ಮಡಿಸಿಟ್ಟ ರಬ್ಬರು ಬಳಸಿದ ರಬ್ಬರಿಗಿಂತ ಬೇಗ ಮಡಿಕೆಯಲ್ಲಿ ಸೀಳುತ್ತದೆ. ಒದ್ದೆ ಆರದೆ ಕೂತ ಹತ್ತಿ ಕುಗ್ಗಿ, ಆಮೇಲೆ ಹಂದರ ಒಳಗೆ ಹೋಗದಂತಾಗುತ್ತದೆ. ನೀರಿನಿಂದ ದೂರ ಇಟ್ಟು ಕಾಪಾಡಿದ ದೋಣಿ ಹಾಗೆ ಕಾಪಾಡಿದ್ದರಿಂದಲೇ ಕೆಡುತ್ತದೆ.

ಆ ಹಿರಿಯರು ನಿಜವಾಗಿ ನನಗೆ ಒಪ್ಪಿಸಿದ್ದು ಏನು ಎಂದು ಕೇಳಿಕೊಂಡರೆ, ತೇಪೆಗಳಿಗಿಂತ ಮೊದಲು ನೆನಪಾಗುವುದು ಸರಿಯಾದ ಪಕ್ಕೆಯನ್ನು ಮುಂದಿಟ್ಟ ಆ ಕೈ. ಕಟ್ಟುವ ಕ್ರಮ, ಎಲ್ಲಿ ಒತ್ತಬೇಕು, ಎಲ್ಲಿ ಕಾಯಬೇಕು ಎಂಬ ಅಳತೆ. ಅದು ಅವರಿಂದ ನನ್ನ ಕೈಗೆ ಬಂದಿದೆ, ನನ್ನಿಂದ ಮಗನ ಕೈಗೆ ಹೋಗತೊಡಗಿದೆ. ಆ ಕ್ರಮ ಇರುವುದು ಹಂದರದಲ್ಲಿ. ಬೇರೆ ದೋಣಿ ತಂದರೆ ಅದಕ್ಕೆ ಅದರದೇ ಕ್ರಮವಿರುತ್ತದೆ, ಅದನ್ನೂ ಕಲಿಯಬಹುದು. ಆದರೆ ಈ ಕಲಿಕೆ ಅಲ್ಲಿಗೆ ಮುಗಿಯುತ್ತದೆ. ಹಂದರ ಮೂಕ ಎಂದು ಮೊದಲು ಅಂದುಕೊಂಡಿದ್ದೆ. ಅದು ಮಾತಾಡುವುದು ಕಟ್ಟುವವನ ಕೈಯೊಡನೆ.

ಹಂದರ ಶಾಶ್ವತ, ತೊಗಲು ನಶ್ವರ ಎಂದು ಇಲ್ಲಿಗೆ ಗಂಟು ಹಾಕಿಬಿಡುವ ಆಸೆಯಾಗುತ್ತದೆ. ಮರವೇ ಅದನ್ನು ಬಿಡುವುದಿಲ್ಲ. ಪೂರ್ವ ಏಷ್ಯಾದಿಂದ ಬಂದ ಒಂದು ಶಿಲೀಂಧ್ರ ಯುರೋಪಿನ ಆ್ಯಶ್ ಮರಗಳನ್ನು ಕೊಲ್ಲುತ್ತಿದೆ. 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಮೊದಲು ಕಂಡದ್ದು ಈಗ ಖಂಡದ ಬಹುಭಾಗಕ್ಕೆ ಹರಡಿದೆ. ಈಸಾರ್ ದಂಡೆಯಲ್ಲಿ ನಡೆಯುವಾಗ ನೆತ್ತಿ ಒಣಗಿದ ಆ್ಯಶ್ ಮರಗಳು ಕಾಣುತ್ತವೆ. ಬಾಗಿಸಿದರೆ ಮುರಿಯದೆ ಚಿಮ್ಮುವ ಈ ಮರವನ್ನೇ ನೆಚ್ಚಿ ಹುಟ್ಟು, ಹಲಗೆ, ಹಾರೆಕಾವು ಮಾಡುತ್ತ ಬಂದ ನಾಡು ಇದು. ತೊಗಲಿನ ಕಡೆ ಮಾತ್ರ ಬೇರೆಯದೇ ಆಯಿತು. ಈ ದೋಣಿಯ ತಳದ ಹೈಪಲಾನ್ ಎಂಬ ಕೃತಕ ರಬ್ಬರನ್ನು ಡುಪಾಂಟ್ ಕಂಪನಿ 2010ರಲ್ಲಿ ನಿಲ್ಲಿಸಿತು. ಅದೇ ಬಗೆಯ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ, ಹೊಸ ತೊಗಲು ಸಿಗುತ್ತದೆ. ಕ್ಷಣಿಕವೆಂದುಕೊಂಡದ್ದು ಒದಗುತ್ತಲೇ ಇರುತ್ತದೆ, ಸ್ಥಿರವೆಂದುಕೊಂಡದ್ದರ ಬೇರು ಒಣಗುತ್ತಿದೆ. ನನ್ನ ಹಂದರದ ಪಟ್ಟಿಗಳು ಆ ರೋಗ ಬರುವ ಮೊದಲು ಬೆಳೆದ ಮರದವು. ಅವನ್ನು ಬಿಸಾಡಿ ಪ್ಲಾಸ್ಟಿಕ್ಕಿಗೆ ಹೋಗಲು ನನಗೆ ಮನಸ್ಸು ಬಾರದೆ ಇರುವುದಕ್ಕೆ ಇದು ಕೊನೆಯ ಕಾರಣ, ಬಹುಶಃ ಎಲ್ಲಕ್ಕಿಂತ ಭಾರವಾದದ್ದು.

ಹೊಸ ತೊಗಲಿಗೆ ಹೇಳಿದ್ದೇವೆ. ಬಣ್ಣ ನೀಲಿಯೇ ಇರಲಿ ಎಂದು ಮಗ ಅಂದ, ನಾನು ಮಾತು ಬೆಳೆಸಲಿಲ್ಲ. ಅದು ಬರುವವರೆಗೆ ಹಂದರದ ಕೆಲಸ. ಉಪ್ಪುಕಾಗದದಲ್ಲಿ ಹಳೆಯ ವಾರ್ನಿಷ್ ಉಜ್ಜಿ ತೆಗೆದರೆ ಕಪ್ಪು ಮೂರು ಪಟ್ಟಿಗಳಲ್ಲಿ ಮೇಲ್ಮೈಯಷ್ಟೇ ಇದೆ. ಒಂದರಲ್ಲಿ ತಿರುಪಿನ ರಂಧ್ರದ ಸುತ್ತ ಒಳಗಿಳಿದಿದೆ. ಅಷ್ಟು ಭಾಗ ಕತ್ತರಿಸಿ, ಓರೆಯಾಗಿ ಸಂದು ಕೊಟ್ಟು, ಹೊಸ ಆ್ಯಶ್ ತುಂಡು ಬೆಸೆಯಬೇಕು. ಪದರ ಬಿಟ್ಟ ಪಕ್ಕೆಗೆ ಅಂಟು ತುಂಬಿ ಬಿಗಿದಿಟ್ಟಿದ್ದೇನೆ. ಹಳೆಯ ತೊಗಲನ್ನು ಬಿಸಾಡುವ ಮೊದಲು ತಳ ಮೇಲಾಗಿ ಹಾಸಿ, ಒಂದೊಂದು ತೇಪೆಯ ಅಳತೆ, ಅದು ಇದ್ದ ಜಾಗ, ಅದರ ಕಥೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಯಾವ ಪಟ್ಟಿಯಲ್ಲಿ ಯಾವ ವರ್ಷ ಎಲ್ಲಿ ಸಂದು ಹಾಕಿದೆ, ಯಾವ ಅಂಟು, ಯಾವ ವಾರ್ನಿಷ್ ಎಷ್ಟು ಕೈ ಬಳಿದೆ ಎಂಬುದೂ ಇದೆ. ತಿರುಪಿನ ರಂಧ್ರದಲ್ಲಿ ಮರ ಮತ್ತೆ ಮೆತ್ತಗಾಗಿ ಬೆನ್ನಿನ ಪಟ್ಟಿಯವರೆಗೆ ಹೋದರೆ, ಆಗ ಈ ಹಂದರಕ್ಕೆ ನಾಲ್ಕನೆಯ ತೊಗಲು ಹೊಲಿಸಬೇಡಿ ಎಂದೂ ಬರೆದಿದ್ದೇನೆ. ನೋಟ್‌ಬುಕ್ಕು ಉದ್ದ ಚೀಲದ ಒಳಜೇಬಿನಲ್ಲಿ ಇರುತ್ತದೆ, ಪಕ್ಕೆಗಳ ಜೊತೆಗೆ.